ಅಂಗಾಂಗ ಕಸಿ ಬಗ್ಗೆ ಒಂದು ಕಿರು ಥ್ರಿಲ್ಲರ್, ದುಡ್ಡು ನಿಮ್ಮನ್ನೇ ಕೇಳೋಣ ಅಂತಿದೀನಿ. ಬೈಯೋರು ಮೊದಲೇ ಬೈದುಬಿಡಿ

ಕತ್ತಲೆ_ಫ್ರೇಮ್ · ಶುಕ್ರವಾರ, ರಾತ್ರಿ 10:52

ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಬರೀ ಓದಿಕೊಂಡು ಇದ್ದೋನು, ಇವತ್ತು ಬಾಯಿ ಬಿಡ್ತಾ ಇದೀನಿ. ಹಗಲು ಹೊತ್ತು ಜಾಹೀರಾತು ಎಡಿಟ್ ಮಾಡೋದು ನನ್ನ ಹೊಟ್ಟೆಪಾಡು. ಸೋಪು, ಸಿಮೆಂಟು, ಸೈಟು. ರಾತ್ರಿ ಹೊತ್ತು ಬರೀತಾ ಬರೀತಾ ಒಂದು ಕಿರುಚಿತ್ರದ ಸ್ಕ್ರಿಪ್ಟ್ ಹದಿನಾಲ್ಕನೇ ಡ್ರಾಫ್ಟ್‌ಗೆ ಬಂದಿದೆ. 22 ನಿಮಿಷ, ಥ್ರಿಲ್ಲರ್.

ಕತೆ ಇಷ್ಟು: ಇಂಟರ್‌ವ್ಯೂಗೆ ಅಂತ ಹಾಸನದಿಂದ ಬಂದ ಹುಡುಗ ಮೆಜೆಸ್ಟಿಕ್ ಹತ್ರ ಒಂದು ಲಾಡ್ಜ್‌ನಲ್ಲಿ ಎದ್ದು ನೋಡ್ತಾನೆ, ಬಾತ್‌ಟಬ್‌ನಲ್ಲಿ ಐಸ್ ಮಧ್ಯೆ ಮಲಗಿದಾನೆ. ಬೆನ್ನಲ್ಲಿ ಹೊಲಿಗೆ. ಕಿಡ್ನಿ ಇಲ್ಲ. ಯಾರು ತೆಗೆದ್ರು, ಯಾರಿಗೆ ಹಾಕಿದ್ರು ಅಂತ ಹುಡುಕ್ಕೊಂಡು ಹೋಗೋದು ಮಿಕ್ಕ ಕತೆ. ಕ್ಲೈಮ್ಯಾಕ್ಸ್‌ಗೆ ನೈಸ್ ರಸ್ತೆ ಮೇಲೆ ಆಂಬುಲೆನ್ಸ್ ಚೇಸ್.

ಬಜೆಟ್ 7.5 ಲಕ್ಷ. ಕೈಲಿರೋದು 1.5 ಲಕ್ಷ. ನಿರ್ಮಾಪಕರ ಹತ್ರ ಹೋದ್ರೆ ಕಿರುಚಿತ್ರಕ್ಕೆ ವಾಪಸ್ ಏನ್ ಬರುತ್ತೆ ಅಂತಾರೆ, ಅದೂ ಸರೀನೇ. ಹಾಗಾಗಿ ಜನರಿಂದಲೇ ಎತ್ತೋಣ ಅಂತ. ಹೇಗೆ ಕೇಳ್ಬೇಕು, ಎಷ್ಟು ಕೇಳ್ಬೇಕು, ಕೇಳ್ಬಹುದಾ, ನೀವೇ ಹೇಳಿ.

ಬೆಂಚ್_ಕ್ಲಾಸ್ · ಶುಕ್ರವಾರ, ರಾತ್ರಿ 11:08

ಗುರು, ಮೆಜೆಸ್ಟಿಕ್ ಲಾಡ್ಜ್‌ನಲ್ಲಿ ಬಾತ್‌ಟಬ್ ಎಲ್ಲಿಂದ ಬಂತು? ಅಲ್ಲಿ ಬಕೆಟ್‌ಗೆ ಹಿಡಿ ಇದ್ರೇ ಡೀಲಕ್ಸ್ ರೂಮು. ಐಸ್ ಬೇಕಂದ್ರೆ ಮ್ಯಾನೇಜರ್ ಡಬಲ್ ಚಾರ್ಜ್ ಹಾಕ್ತಾನೆ.

ಚೇಸ್ ಮಾತ್ರ ಇರಲಿ. ಅಂಗ ಸಾಗಿಸೋಕೆ ರಸ್ತೆ ಖಾಲಿ ಮಾಡಿಸ್ತಾರಲ್ಲ, ಆ ಗ್ರೀನ್ ಕಾರಿಡಾರ್ ಇದ್ರೆ ಇನ್ನೂ ಚೆಂದ.

ನೈಟ್_ಡ್ಯೂಟಿ · ಶನಿವಾರ, ಬೆಳಿಗ್ಗೆ 6:35

ಡ್ಯೂಟಿ ಮುಗಿಸಿ ಬಸ್ಸಲ್ಲಿ ಕೂತು ಬರೀತಿದ್ದೇನೆ, ತಪ್ಪಿದ್ದರೆ ಕ್ಷಮಿಸಿ. ಮಂಗಳೂರಿನಲ್ಲಿ ಒಂಬತ್ತು ವರ್ಷ ಐಸಿಯು ನರ್ಸ್ ಆಗಿದ್ದೆ. ಈಗ ಟ್ರಾನ್ಸ್‌ಪ್ಲಾಂಟ್ ಕೋಆರ್ಡಿನೇಟರ್. ಅಂದರೆ ಐಸಿಯು ಬಾಗಿಲ ಹೊರಗೆ ಕೂತಿರುವ ಮನೆಯವರ ಹತ್ತಿರ ಹೋಗಿ ಮಾತಾಡುವವಳು.

ತಮ್ಮಾ, ಬೇಸರ ಮಾಡ್ಬೇಡ, ಈ ಐಸ್ ಕತೆ ನಮ್ಮ ಬೆನ್ನು ಹತ್ತಿ ಹಲವು ವರ್ಷ ಆಯ್ತು. ಮನೆಯವರ ಹತ್ತಿರ ದಾನದ ಮಾತು ತೆಗೆದ ಕೂಡ್ಲೇ ಹಿಂದೆ ನಿಂತ ಯಾರಾದರೊಬ್ಬ ಮಾವನೋ ಭಾವನೋ ಹೇಳ್ತಾನೆ, "ಓ, ಇದಕ್ಕೇ ಬೇಗ ಸತ್ತ ಅಂತ ಹೇಳ್ತಿದ್ದಾರೆ." ಅದು ಅವನು ಎಲ್ಲಿ ಕಲಿತದ್ದು? ಸಿನೆಮಾದಲ್ಲಿ.

ಲಾಡ್ಜಿನಲ್ಲಿ ಕಿಡ್ನಿ ತೆಗೀಲಿಕ್ಕೆ ಆಗುದಿಲ್ಲ ಮಾರಾಯ. ಕೊಡುವವನ ರಕ್ತದ ಗುಂಪು, ಟಿಶ್ಯೂ ಮ್ಯಾಚಿಂಗ್, ಕ್ರಾಸ್‌ಮ್ಯಾಚ್ ಎಲ್ಲ ಮೊದಲೇ ಆಗಿರಬೇಕು. ತೆಗೀಲಿಕ್ಕೆ ಒಂದು ಆಪರೇಷನ್ ಥಿಯೇಟರ್, ಹಾಕ್ಲಿಕ್ಕೆ ಇನ್ನೊಂದು, ಎರಡೂ ಕಡೆ ಸರ್ಜನ್, ಅನಸ್ತೇಷಿಯಾದವರು, ನರ್ಸುಗಳು. ಹೊರಗೆ ತೆಗೆದ ಕಿಡ್ನಿ ಒಂದು ದಿನ, ಒಂದೂವರೆ ದಿನ ತಡೀತದೆ. ಆದರೆ ಹೃದಯ ನಾಲ್ಕರಿಂದ ಆರು ಗಂಟೆ ಮಾತ್ರ.

ಹಾಗಂತ ದಂಧೆ ಇಲ್ಲ ಅಂತ ನಾನು ಹೇಳುದಿಲ್ಲ. ಉಂಟು. ಆದರೆ ಅದು ಚಾಕು ಹಿಡಿದು ಬರುದಿಲ್ಲ, ಫೈಲು ಹಿಡಿದು ಬರ್ತದೆ. ಸಾಲ ಆದ ಮನುಷ್ಯ, ಒಬ್ಬ ಏಜೆಂಟ್, ಸುಳ್ಳು ರೇಷನ್ ಕಾರ್ಡ್. ಗುರುತೇ ಇಲ್ಲದವನನ್ನು "ನನ್ನ ಅಕ್ಕನ ಮಗ" ಅಂತ, ದಾನಕ್ಕೆ ಒಪ್ಪಿಗೆ ಕೊಡುವ ಕಮಿಟಿ ಎದುರು ಕೂರಿಸುದು. 1994ರ ಅಂಗಾಂಗ ಕಸಿ ಕಾನೂನು ಬಂದದ್ದೇ ಈ ವ್ಯಾಪಾರ ನಿಲ್ಲಿಸ್ಲಿಕ್ಕೆ. 2011ರಲ್ಲಿ ತಿದ್ದುಪಡಿ ಮಾಡಿ ಶಿಕ್ಷೆ 5ರಿಂದ 10 ವರ್ಷ, ದಂಡ 20 ಲಕ್ಷದಿಂದ 1 ಕೋಟಿ ಮಾಡಿದ್ರು. ಆ ಕಮಿಟಿಯ ಸಂದರ್ಶನ ವಿಡಿಯೋ ಸಹ ಆಗ್ತದೆ. ಅಲ್ಲಿ ಕೂತು ಇಬ್ಬರು ಅಪರಿಚಿತರು ಚಿಕ್ಕಮ್ಮ-ಮಗನ ಹಾಗೆ ನಟಿಸುದು ನಿನ್ನ ಆಂಬುಲೆನ್ಸಿಗಿಂತ ಹೆದರಿಕೆ ಹುಟ್ಟಿಸ್ತದೆ.

ಕತ್ತಲೆ_ಫ್ರೇಮ್ · ಶನಿವಾರ, ಮಧ್ಯಾಹ್ನ 1:20

ಸಿಸ್ಟರ್, ಎರಡು ಸಲ ಓದಿದೆ. ಮೊದಲ ಸಲ ಸಿಟ್ಟು ಬಂತು. ಹದಿನಾಲ್ಕು ಡ್ರಾಫ್ಟು ಅಲ್ವಾ.

ಆದ್ರೆ ಒಂದು ಪ್ರಶ್ನೆ. ಕಾನೂನು ಪ್ರಕಾರ ಎಲ್ಲ ಸರಿಯಾಗಿ ನಡೆಯೋ ಕಡೆ ಥ್ರಿಲ್ಲರ್ ಎಲ್ಲಿಂದ ತರ್ಲಿ? ಫಾರಂ ತುಂಬೋದನ್ನ ಯಾರು ನೋಡ್ತಾರೆ?

ಮೂರನೇ_ಕಿಡ್ನಿ · ಶನಿವಾರ, ಮಧ್ಯಾಹ್ನ 3:47

ಸಿಸ್ಟರ್ ಉತ್ತರ ಕೊಡೋವರೆಗೆ ನಂದೊಂದು. ನನಗೆ ಕಸಿ ಆಗಿ ಐದು ವರ್ಷ. ಕೊಟ್ಟೋರು ಯಾರು ಅಂತ ಗೊತ್ತಿಲ್ಲ, ಹೇಳೋದೂ ಇಲ್ಲ.

ಒಂದು ಸಣ್ಣ ತಿದ್ದುಪಡಿ. ಎಲ್ಲ ಸಿನಿಮಾದಲ್ಲೂ ಕಿಡ್ನಿ ಹಾಕಿಸಿಕೊಂಡೋನು ಅಂಗಿ ಎತ್ತಿ ಬೆನ್ನು ತೋರಿಸ್ತಾನೆ. ನಮಗೆ ಗಾಯದ ಗುರುತು ಇರೋದು ಮುಂದೆ, ಕಿಬ್ಬೊಟ್ಟೆ ಪಕ್ಕ. ಹೊಸ ಕಿಡ್ನಿ ಅಲ್ಲಿ ಕೂರಿಸ್ತಾರೆ. ಹಳೇವೆರಡನ್ನ ಸಾಮಾನ್ಯವಾಗಿ ತೆಗೆಯೋದೇ ಇಲ್ಲ, ಇದ್ದಲ್ಲೇ ಇರ್ತವೆ. ಹೆಸರು ಯಾಕೆ ಹೀಗೆ ಇಟ್ಕೊಂಡಿದೀನಿ ಅಂತ ಗೊತ್ತಾಯ್ತಲ್ಲ. ನಮ್ಮನೆ ಮಗು ಕೈ ಇಟ್ಟು "ಬಾಡಿಗೆದಾರ" ಅನ್ನತ್ತೆ.

ಇನ್ನೊಂದು. ನಮ್ಮೂರು ದೇವನಹಳ್ಳಿ ಕಡೆ, ಚಕ್ಕೋತಕ್ಕೆ ಹೆಸರುವಾಸಿ. ತೋಟದಲ್ಲಿ ಮರ ಇದೆ, ನಾನು ತಿನ್ನೋ ಹಾಗಿಲ್ಲ. ಹೊಸ ಕಿಡ್ನಿಯನ್ನ ದೇಹ ತಿರಸ್ಕರಿಸದೆ ಇರ್ಲಿ ಅಂತ ಟ್ಯಾಕ್ರೋಲಿಮಸ್ ಅನ್ನೋ ಮಾತ್ರೆ ತಗೋತೀನಿ, ಚಕ್ಕೋತ ತಿಂದ್ರೆ ಅದು ರಕ್ತದಲ್ಲಿ ಏರಿಬಿಡುತ್ತೆ. ಬೆಳಿಗ್ಗೆ 8ಕ್ಕೆ ಒಂದು ಡೋಸ್, ರಾತ್ರಿ 8ಕ್ಕೆ ಒಂದು, ಫೋನಲ್ಲಿ ಅಲಾರಂ. ಮದುವೆ ಮನೇಲಿ ಎಲೆ ಮುಂದೆ ಕೂತಾಗಲೂ ಅದು ಹೊಡ್ಕೊಳ್ಳುತ್ತೆ.

ಈಗ ಅಸಲಿ ವಿಷಯ. ನಾನೂ 2,000 ಹಾಕ್ತೀನಿ. ಆದ್ರೆ ಒಂದು ಮುಳ್ಳು ಚುಚ್ತಾ ಇದೆ. ದುಡ್ಡು ಎತ್ತೋ ಜಾಲತಾಣ ತೆಗೆದು ನೋಡಿ, ಪುಟ ಪೂರ್ತಿ ಆಸ್ಪತ್ರೆ ಬಿಲ್ಲು. ಮಗುವಿಗೆ ಲಿವರ್, ಅಪ್ಪನಿಗೆ ಕಿಡ್ನಿ. ಡಯಾಲಿಸಿಸ್‌ನಲ್ಲಿದ್ದಾಗ ನಾಲ್ಕು ಗಂಟೆ ಕುರ್ಚೀಲಿ ಒರಗಿಕೊಂಡು ಇದನ್ನೇ ಓದ್ತಿದ್ದೆ. ಅದೇ ಸಾಲಲ್ಲಿ "ಅಂಗಾಂಗ ಕಸಿ ಥ್ರಿಲ್ಲರ್‌ಗೆ 7.5 ಲಕ್ಷ ಕೊಡಿ" ಅಂತ ನಿಮ್ಮ ಪೋಸ್ಟರ್ ಬಂದ್ರೆ ನನಗೆ ಹೇಗನ್ನಿಸ್ಬೇಕು? ಉತ್ತರ ಇಲ್ದೆ ಇದ್ರೂ ಪರವಾಗಿಲ್ಲ, ಯೋಚನೆ ಮಾಡಿ.

ಧಾರವಾಡ_ಮಳಿ · ಶನಿವಾರ, ಸಂಜೆ 6:10

ಇದಕ್ಕ ಉತ್ತರ ಇಲ್ರೀ. ನಾವು ನಾಟಕದವ್ರು ಬರಗಾಲದಾಗೂ ಚಂದಾ ಎತ್ತೀವಿ. ಎದುರಿಗೆ ನಿಂತು ಕೇಳಿದ್ವಿ, ಕೆಲವ್ರು ಕೊಟ್ರು, ಕೆಲವ್ರು ಬೈದ್ರು. ಬೈದವ್ರದೂ ಖರೇನ ಇತ್ತು.

ತಮ್ಮಾ, ಆಸ್ಪತ್ರಿ ಬಿಲ್ಲಿನ ತಾಣದಾಗ ಹಾಕಬ್ಯಾಡ. ಅಷ್ಟು ಮಾಡು.

ನೈಟ್_ಡ್ಯೂಟಿ · ಶನಿವಾರ, ರಾತ್ರಿ 9:15

ಥ್ರಿಲ್ಲರ್ ಎಲ್ಲಿ ಅಂತ ಕೇಳಿದೆ ಅಲ್ವಾ. ಹೇಳ್ತೇನೆ.

ಮೊದಲು ಒಂದು ವ್ಯತ್ಯಾಸ. ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ಕ್ಕೆ ಹೋದಾಗ ಕಣ್ಣು ಮಾತ್ರ ದಾನ ಆಯ್ತು. 2006ರಲ್ಲಿ ಅವರ ತಂದೆಯವರದ್ದೂ ಹಾಗೇ. ಅದೇ 2021ರ ಜೂನ್‌ನಲ್ಲಿ ಸಂಚಾರಿ ವಿಜಯ್ ಅವರದ್ದು ಅಂಗಾಂಗ ದಾನ. ಯಾಕೆ? ಹೃದಯ ನಿಂತು ಹೋದರೆ ಒಳಗಿನ ಅಂಗಗಳಿಗೆ ರಕ್ತ ನಿಲ್ತದೆ. ಕಣ್ಣಿನ ಕಾರ್ನಿಯಾಕ್ಕಾದರೆ ಆರು ಗಂಟೆಯಷ್ಟು ಸಮಯ ಸಿಗ್ತದೆ. ಮಿದುಳು ಸತ್ತು, ವೆಂಟಿಲೇಟರ್‌ನಲ್ಲಿ ಹೃದಯ ಇನ್ನೂ ಬಡೀತಾ ಇದ್ದರೆ ಕಿಡ್ನಿ, ಲಿವರ್, ಹೃದಯ ಎಲ್ಲ ಕೊಡ್ಲಿಕ್ಕೆ ಆಗ್ತದೆ.

ಆ ಮಿದುಳು ಸಾವನ್ನು ಒಬ್ಬ ಡಾಕ್ಟರ್ ಹೇಳಿದರೆ ಸಾಲುದಿಲ್ಲ. ನಾಲ್ಕು ಜನ ಬೇಕು. ಕಸಿ ಮಾಡುವ ತಂಡದ ಒಬ್ಬರೂ ಅದರಲ್ಲಿ ಇರಬಾರದು. ಪರೀಕ್ಷೆ ಎರಡು ಸಲ. ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಕಡಿಮೆ ಅಂದರೆ ಆರು ಗಂಟೆ.

ಪರೀಕ್ಷೆ ಹೇಗೆ ಅಂತ ನೋಡದವರಿಗೆ ಗೊತ್ತಿರುದಿಲ್ಲ. ಕಣ್ಣಿಗೆ ಟಾರ್ಚ್ ಹಾಕಿ ನೋಡ್ತಾರೆ. ಕಾರ್ನಿಯಾವನ್ನು ಹತ್ತಿಯ ಎಳೆಯಿಂದ ಮುಟ್ಟುತ್ತಾರೆ. ಕಿವಿಗೆ ಐಸಿನ ನೀರು ಸಿರಿಂಜಲ್ಲಿ ಬಿಡ್ತಾರೆ, ಮಿದುಳುಕಾಂಡ ಬದುಕಿದ್ದರೆ ಕಣ್ಣುಗುಡ್ಡೆ ಅಲುಗ್ತದೆ. ಕೊನೆಗೆ ವೆಂಟಿಲೇಟರ್ ಬಿಡಿಸಿ, ಆಮ್ಲಜನಕ ಮಾತ್ರ ಹರಿಸಿ, ಎದೆ ನೋಡ್ತಾ ನಿಲ್ಲುದು. ಎಂಟು, ಹತ್ತು ನಿಮಿಷ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ 60ರ ಮೇಲೆ ಹೋದರೂ ಒಂದೂ ಉಸಿರು ಬರದಿದ್ದರೆ ಮುಗೀತು. ಆ ಹತ್ತು ನಿಮಿಷ ಯಾರೂ ಮಾತಾಡುದಿಲ್ಲ. ಒಂಬತ್ತು ವರ್ಷ ಆದರೂ ನಾನು ಸಹ ಉಸಿರು ಹಿಡೀತೇನೆ.

ಆದರೆ ನಿನ್ನ ಕತೆ ಅದಲ್ಲ. ನಿನ್ನ ಕತೆ ನಡುವಿನ ಆರು ಗಂಟೆ. ಮನೆಯವರಿಗೆ ಸ್ಥಿತಿ ಹೇಳಿ ಆಗಿದೆ, ಆದರೆ ಘೋಷಣೆ ಆಗಲಿಲ್ಲ. ಮೈ ಬಿಸಿ ಉಂಟು, ಎದೆ ಏರಿ ಇಳೀತದೆ, ಮೂತ್ರದ ಚೀಲ ತುಂಬ್ತಾ ಉಂಟು. ಒಬ್ಬರು ತಾಯಿ ನನ್ನ ಹತ್ತಿರ ಬಂದು ಕೇಳಿದ್ದು, "ಸಿಸ್ಟರ್, ಎಸಿ ಸ್ವಲ್ಪ ಕಮ್ಮಿ ಮಾಡ್ಲಿಕ್ಕೆ ಆಗ್ತದಾ, ಅವನಿಗೆ ಮೊದಲಿಂದಲೂ ಚಳಿ ತಡೀಲಿಕ್ಕೆ ಆಗುದಿಲ್ಲ." ನಾನು ಇನ್ನೊಂದು ಕಂಬಳಿ ತಂದು ಹೊದಿಸಿದೆ. ಹೊದಿಸಿದ್ದು ಸರಿಯಾ ತಪ್ಪಾ ಅಂತ ಇವತ್ತಿಗೂ ಗೊತ್ತಿಲ್ಲ, ಬದುಕಿದ್ದಾನೆ ಅಂತ ನಾನೇ ಹೇಳಿದ ಹಾಗೆ ಆಯ್ತಾ ಅಂತ.

ಕೆಲವು ಕಡೆ ಆ ಆರು ಗಂಟೆಯೊಳಗೆ ಊರಿನಿಂದ ಯಾರೋ ಬಂದು "ಮನೆಗೆ ಕರ್ಕೊಂಡು ಹೋಗುವ" ಅಂತಾರೆ. ಸಹಿ ಹಾಕಿ, ಕೈಯಿಂದ ಉಸಿರು ಕೊಡುವ ಆಂಬುಬ್ಯಾಗ್ ಒತ್ತುತ್ತಾ ಒತ್ತುತ್ತಾ ಕರ್ಕೊಂಡು ಹೋಗುದು. ಅಲ್ಲಿಗೆ ಎಲ್ಲ ಮುಗೀತದೆ.

ಬೆಂಚ್_ಕ್ಲಾಸ್ · ಶನಿವಾರ, ರಾತ್ರಿ 9:40

ಮೇಲಿನ ಕಂಬಳಿ ಓದಿ ಐದು ನಿಮಿಷ ಸುಮ್ನೆ ಕೂತಿದ್ದೆ. ಚೇಸ್ ಬೇಡ, ವಾಪಸ್ ತಗೊಂಡೆ.

ಲೆಕ್ಕಪತ್ರ · ಭಾನುವಾರ, ಬೆಳಿಗ್ಗೆ 8:05

ವೃತ್ತಿಯಲ್ಲಿ ಸಿಎ, ಬಸವನಗುಡಿ. ಕತೆಯ ಬಗ್ಗೆ ಮಾತಾಡುವ ಯೋಗ್ಯತೆ ಇಲ್ಲ, ಹಣದ ಬಗ್ಗೆ ಮಾತ್ರ ಹೇಳುತ್ತೇನೆ.

ನಮ್ಮಲ್ಲಿ ಜನರಿಂದ ಹಣ ಕೂಡಿಸುವುದು ಹೊಸದೇನಲ್ಲ, ಮೂರು ಬಗೆ ಇದೆ. ಒಂದು ಗಣೇಶನ ಚಂದಾ: ಕೊಟ್ಟೆ, ಪ್ರಸಾದ ತಿಂದೆ, ಮರೆತೆ. ಎರಡು ಚೀಟಿ: ಕಟ್ಟಿದ ಹಣ ತಿರುಗಿ ಬರಬೇಕು. ಮೂರು ಮದುವೆಯ ಮುಯ್ಯಿ: ಪುಸ್ತಕದಲ್ಲಿ ಬರೆದಿಟ್ಟುಕೊಂಡು, ಅವರ ಮನೆಯ ಶುಭಕಾರ್ಯಕ್ಕೆ ನಾವು ಮುಟ್ಟಿಸಬೇಕು. ನೀವು ಯಾವುದನ್ನು ಮಾಡುತ್ತಿದ್ದೀರಿ ಎಂದು ಮೊದಲ ಸಾಲಿನಲ್ಲೇ ಹೇಳಿ. ಜಗಳ ಆಗುವುದೆಲ್ಲ ಚಂದಾ ಎಂದು ಕೇಳಿ ಚೀಟಿಯ ಆಸೆ ತೋರಿಸಿದಾಗ.

"ಲಾಭದಲ್ಲಿ ಪಾಲು ಕೊಡುತ್ತೇನೆ" ಎಂದು ಅಪರಿಚಿತರಿಂದ ಅಂತರ್ಜಾಲದಲ್ಲಿ ಹಣ ಎತ್ತಬೇಡಿ. ಖಾಸಗಿ ಕಂಪನಿ ಮಾಡಿ ಷೇರು ಕೊಟ್ಟರೂ 2013ರ ಕಂಪನಿ ಕಾಯ್ದೆಯಲ್ಲಿ ವರ್ಷಕ್ಕೆ 200 ಜನರ ಮಿತಿ ಇದೆ, ಬಹಿರಂಗವಾಗಿ ಕರೆಯುವಂತಿಲ್ಲ. "ಹಾಕಿದ ದುಡ್ಡು ವಾಪಸ್" ಎಂದರೆ 2019ರಲ್ಲಿ ಬಂದ ಅನಿಯಂತ್ರಿತ ಠೇವಣಿ ನಿಷೇಧ ಕಾಯ್ದೆ ನೆನಪಿರಲಿ.

ಇನ್ನೊಂದು, ಬಹಳ ಹುಡುಗರು ಎಡವುವ ಜಾಗ. ನಿಮ್ಮ ಸ್ವಂತ ಉಳಿತಾಯ ಖಾತೆಯ ಯುಪಿಐ ಕೋಡ್ ಹಾಕಿಬಿಡುತ್ತೀರಿ. ಸಂಬಂಧಿಕರಲ್ಲದವರಿಂದ ವರ್ಷದಲ್ಲಿ ಬಂದ ಉಡುಗೊರೆ ಒಟ್ಟು 50,000 ದಾಟಿದರೆ ದಾಟಿದ ಭಾಗವಷ್ಟೇ ಅಲ್ಲ, ಪೂರ್ತಿ ಮೊತ್ತ ನಿಮ್ಮ ಆದಾಯ. ಸಿನಿಮಾಕ್ಕೆ ಖರ್ಚಾಗಿ ಹೋದ ಮೇಲೆ ತೆರಿಗೆ ಕಟ್ಟಲು ಕೈಯಲ್ಲಿ ಏನೂ ಇರುವುದಿಲ್ಲ. ಬೇರೆ ಚಾಲ್ತಿ ಖಾತೆ ತೆರೆಯಿರಿ, ಪ್ರತಿ ಬಿಲ್ಲು ಇಡಿ, ವ್ಯವಹಾರವಾಗಿ ಲೆಕ್ಕ ತೋರಿಸಿ. ಕೊಟ್ಟವರಿಗೆ ದೇಣಿಗೆಯ ತೆರಿಗೆ ವಿನಾಯಿತಿ ಸಿಗುತ್ತದೆ ಎಂದು ತಪ್ಪಿಯೂ ಬರೆಯಬೇಡಿ. ಇದು ಧರ್ಮಾರ್ಥ ಸಂಸ್ಥೆಯಲ್ಲ.

ದೂರದೂರು · ಭಾನುವಾರ, ಬೆಳಿಗ್ಗೆ 9:30

ಡಲ್ಲಾಸ್‌ನಿಂದ. ಹುಟ್ಟಿದ್ದು ತುಮಕೂರು. ನಾನು 200 ಡಾಲರ್ ಕಳಿಸೋಕೆ ರೆಡಿ, ಇಲ್ಲಿ ಕನ್ನಡ ಕೂಟದ ಇನ್ನೂ ನಾಲ್ಕು ಜನ ಕೇಳ್ತಿದಾರೆ. ಕಳಿಸ್ಬಹುದಾ?

ಲೆಕ್ಕಪತ್ರ · ಭಾನುವಾರ, ಬೆಳಿಗ್ಗೆ 9:52

ಭಾರತದ ಪಾಸ್‌ಪೋರ್ಟ್ ಇನ್ನೂ ಇದ್ದರೆ ಬ್ಯಾಂಕ್ ಮೂಲಕ ಕಳಿಸುವ ಹಣ ವಿದೇಶಿ ದೇಣಿಗೆಯಲ್ಲ. ಅಮೆರಿಕದ ಪೌರತ್ವ ತೆಗೆದುಕೊಂಡಿದ್ದರೆ, ಓಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ಕಾನೂನಿನ ಕಣ್ಣಿಗೆ ನೀವು ವಿದೇಶಿ ಮೂಲ. ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ಪ್ರಶ್ನೆ ಏಳುತ್ತದೆ. ಇಷ್ಟು ಸಣ್ಣ ಚಿತ್ರಕ್ಕೆ ಆ ತಲೆನೋವು ಬೇಡ.

ದೂರದೂರು · ಭಾನುವಾರ, ಬೆಳಿಗ್ಗೆ 9:58

ಪಾಸ್‌ಪೋರ್ಟ್ ಹೋದ ವರ್ಷ ತಾನೇ ಬದಲಾಯ್ತು. ಛೆ. ಸರಿ, ಇಂಗ್ಲಿಷ್ ಸಬ್‌ಟೈಟಲ್ ನಾನು ಮಾಡಿಕೊಡ್ತೀನಿ, ಅದಕ್ಕೇನೂ ಕಾನೂನು ಇಲ್ಲ ತಾನೇ?

ಹಳೇ_ರೀಲು · ಭಾನುವಾರ, ಮಧ್ಯಾಹ್ನ 12:15

ಇಲ್ಲಿ ಯಾರಾದ್ರೂ "ಲೂಸಿಯಾ" ಅನ್ನೋ ಮೊದಲೇ ನಾನೇ ಅಂದುಬಿಡ್ತೀನಿ. ಪವನ್ ಕುಮಾರ್ ಬ್ಲಾಗಲ್ಲಿ ಬರೆದು, ನೂರು ಚಿಲ್ಲರೆ ಜನರಿಂದ ಒಂದು ತಿಂಗಳೊಳಗೆ ಸುಮಾರು 50 ಲಕ್ಷ ಎತ್ತಿದ್ದು ನಿಜ, 2013ರಲ್ಲಿ ಚಿತ್ರ ಥಿಯೇಟರಿಗೆ ಬಂದಿದ್ದೂ ನಿಜ. ಅದಕ್ಕೂ ಮುಂಚೆ 1976ರಲ್ಲೇ ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿ ಹಾಕಿ ಶ್ಯಾಮ್ ಬೆನಗಲ್ ಅವರ "ಮಂಥನ್" ಆಗಿತ್ತು. ಈ ಎರಡು ಉದಾಹರಣೆ ಕೇಳಿ ಕೇಳಿ ಕೈ ಸುಟ್ಟುಕೊಂಡವರ ಸಂಖ್ಯೆ ದೊಡ್ಡದು. ನಾನೂ ಒಬ್ಬ. ಆ ಹಾಲಿನವರದು ಮೊದಲೇ ಕಟ್ಟಿದ ಸಹಕಾರ ಸಂಘ, ನಿರ್ದೇಶಕರು ಬೀದಿಗಿಳಿದು ಜನ ಹುಡುಕಲಿಲ್ಲ. ಪವನ್ ಆಗಲೇ ಒಂದು ಚಿತ್ರ ಮಾಡಿದ್ದವರು, ಓದುಗರು ಇದ್ದರು. ನಮಗೆ ಇದ್ದದ್ದು ಬಂಧುಬಳಗ.

2017ರಲ್ಲಿ ನಾವು 3.8 ಲಕ್ಷ ಎತ್ತಿದ್ವಿ. 500 ಕೊಟ್ಟೋರಿಗೆ ಪೋಸ್ಟರ್, 1,000ಕ್ಕೆ ಟೀ ಶರ್ಟ್, 5,000ಕ್ಕೆ "ಅಸೋಸಿಯೇಟ್ ಪ್ರೊಡ್ಯೂಸರ್". ತಾಣದವರು ಕಮಿಷನ್ ಹಿಡ್ಕೊಂಡ್ರು. ಟೀ ಶರ್ಟ್ ಪ್ರಿಂಟು, ಅಳತೆ ತಪ್ಪಿದ್ದಕ್ಕೆ ಮತ್ತೆ ಪ್ರಿಂಟು, ಕೊರಿಯರ್. ಒಂದು ದಿನದ ಶೂಟಿಂಗ್ ದುಡ್ಡು ಅಲ್ಲೇ ಹೋಯ್ತು. ಮಿಕ್ಕಿದ್ದೆಲ್ಲ ಕ್ಯಾಮೆರಾಗೆ ಸುರಿದ್ವಿ. ಶೂಟಿಂಗ್ ಮುಗಿದಾಗ ಡಬ್ಬಿಂಗ್‌ಗೆ ದುಡ್ಡಿಲ್ಲ, ಸೌಂಡ್‌ಗೆ ದುಡ್ಡಿಲ್ಲ, ಬಣ್ಣ ತಿದ್ದೋ ಡಿಐಗೆ ದುಡ್ಡಿಲ್ಲ. ಸಿನಿಮಾ ಇವತ್ತಿಗೂ ನಮ್ಮನೆ ಬೀರುವಿನಲ್ಲಿ, ಹಾರ್ಡ್‌ಡಿಸ್ಕ್ ಒಳಗೆ, ನನ್ನ ಹೆಂಡತಿ ಸೀರೆ ಕೆಳಗೆ ಮಲಗಿದೆ. ಹೋದ ತಿಂಗಳು ಒಂದು ಗೃಹಪ್ರವೇಶದಲ್ಲಿ ದೊಡ್ಡಪ್ಪನ ಮಗ ಕೋಸಂಬರಿ ಬಡಿಸ್ತಾ ಕೇಳಿದ: "ಏನಣ್ಣಾ, ನಮ್ಮ ಪಿಚ್ಚರ್ ಎಲ್ಲಿಗೆ ಬಂತು?" 500 ಕೊಟ್ಟಿದ್ದ ಅವನು. ಎಂಟು ವರ್ಷದಿಂದ ಕೇಳ್ತಾ ಇದಾನೆ.

ಅದಕ್ಕೇ ಹೇಳೋದು: ಮೊದಲು ಸೌಂಡ್ ದುಡ್ಡು ತೆಗೆದು ಬೇರೆ ಇಡು. ಥ್ರಿಲ್ಲರ್ ಅಂದ್ರೆ ಅರ್ಧ ಸೌಂಡು. ವೆಂಟಿಲೇಟರ್ ಉಸಿರು, ಮಾನಿಟರ್ ಬೀಪು, ಕಾರಿಡಾರ್‌ನಲ್ಲಿ ಚಪ್ಪಲಿ ಶಬ್ದ ಸರಿಯಾಗಿ ಬಂದ್ರೆ ಕ್ಯಾಮೆರಾ ಸುಮಾರಾಗಿದ್ರೂ ಜನ ಕ್ಷಮಿಸ್ತಾರೆ. ಸಾಮಾನು ಏನೂ ಕೊಡಬೇಡ. ಹೆಸರು ಹಾಕು, ಲಿಂಕ್ ಕಳಿಸು, ಸಾಕು. ಯೂನಿಟ್ ಊಟದಲ್ಲಿ ಮಾತ್ರ ಜಿಪುಣತನ ಮಾಡಬೇಡ. ಬಾಟಾ (ದಿನಭತ್ಯೆ) ಇಲ್ಲದೆ ಬಂದ ಹುಡುಗರಿಗೆ ಹೊಟ್ಟೆ ತುಂಬಾ ಹಾಕಬೇಕು.

ಕತ್ತಲೆ_ಫ್ರೇಮ್ · ಮಂಗಳವಾರ, ರಾತ್ರಿ 12:30

ಎರಡು ದಿನ ಕಾಣಿಸಲಿಲ್ಲ ಅಂತ ಓಡಿಹೋದ ಅಂದ್ಕೋಬೇಡಿ. ಹಳೇ ಸ್ಕ್ರಿಪ್ಟ್ ಪಕ್ಕಕ್ಕಿಟ್ಟು ಹೊಸದು ಬರೆದೆ.

ಸಿಸ್ಟರ್ ಕೊನೇ ಸಾಲು ನನ್ನ ನಿದ್ದೆ ಕೆಡಿಸ್ತು. "ಮನೆಗೆ ಕರ್ಕೊಂಡು ಹೋಗುವ" ಅನ್ನೋ ಮಾತು ಪ್ರೀತಿಯಿಂದಲೇ ಬರಬೇಕಂತ ಏನಿದೆ?

ಹೊಸ ಕತೆ: ರಾಯಚೂರು ಕಡೆಯ ಗಾರೆ ಕೆಲಸದವನು ಬೆಂಗಳೂರಲ್ಲಿ ಕಟ್ಟಡದಿಂದ ಬಿದ್ದಿದ್ದಾನೆ. ಆಸ್ಪತ್ರೆಯಲ್ಲಿ ಬರೆಸಿರೋದು "ಮನೆ ಮೆಟ್ಟಿಲಲ್ಲಿ ಜಾರಿ". ಬರೆಸಿದ್ದು ಮೇಸ್ತ್ರಿ. ಮೊದಲ ಪರೀಕ್ಷೆ ಆಗಿದೆ. ಹೊರಗೆ ಹೆಂಡತಿ, ಮಡಿಲಲ್ಲಿ ಮಗು. ಮೇಸ್ತ್ರಿ ಪಕ್ಕದಲ್ಲೇ ಕೂತು ಟೀ ತರಿಸ್ತಾನೆ, ಮಗುವಿಗೆ ಬಿಸ್ಕತ್ತು ಕೊಡಿಸ್ತಾನೆ, ಊರಿಗೆ ಆಂಬುಲೆನ್ಸ್ ಮಾತಾಡ್ತಾನೆ. ಬಹಳ ಒಳ್ಳೆಯವನು. ಮನೆಗೆ ಕರ್ಕೊಂಡು ಹೋಗೋಣಮ್ಮ, ಇಲ್ಲಿ ಕುಯ್ತಾರೆ ಅಂತ ಹೇಳ್ತಾನೇ ಇರ್ತಾನೆ. ಊರಲ್ಲಿ ಉಸಿರು ನಿಂತ್ರೆ ಮಣ್ಣು ಮಾಡ್ತಾರೆ, ಯಾರೂ ಕೇಳಲ್ಲ. ದಾನ ಅಂದ್ರೆ ಪೊಲೀಸು, ಪಂಚನಾಮೆ, ಪೋಸ್ಟ್‌ಮಾರ್ಟಂ. ಮೂರನೇ ಮಹಡಿಯಿಂದ ಬಿದ್ದ ಮೈ ಮೆಟ್ಟಿಲ ಕತೆ ಹೇಳಲ್ಲ.

ಆರು ಗಂಟೆ. ಒಂದು ಬೆಂಚು. ಅವಳಿಗೆ ಅನುಮಾನ ಹುಟ್ಟೋದು ಒಂದು ಸಣ್ಣ ವಸ್ತುವಿಂದ. ಅದೇನು ಅಂತ ಇಲ್ಲಿ ಹೇಳಲ್ಲ.

ಸಿಸ್ಟರ್, ಇದು ನಡೆಯೋಕೆ ಸಾಧ್ಯನಾ?

ನೈಟ್_ಡ್ಯೂಟಿ · ಮಂಗಳವಾರ, ಬೆಳಿಗ್ಗೆ 7:02

ಸಾಧ್ಯ ಉಂಟು. ಬಿದ್ದ ಕೇಸು ಅಂದರೆ ಆಸ್ಪತ್ರೆಯವರು ಎಂಎಲ್‌ಸಿ (ಮೆಡಿಕೋ ಲೀಗಲ್ ಕೇಸ್) ಮಾಡ್ತಾರೆ, ಪೊಲೀಸರಿಗೆ ತಿಳಿಸ್ತಾರೆ. ಆದರೆ ಏನು ಬರೀತಾರೆ ಅನ್ನುದು ಕರ್ಕೊಂಡು ಬಂದವನು ಏನು ಹೇಳ್ತಾನೆ ಅನ್ನುದರ ಮೇಲೆ. ಇಷ್ಟು ಏಟಿಗೆ ಮೆಟ್ಟಿಲು ಸಾಕಾ ಅಂತ ಡ್ಯೂಟಿ ಡಾಕ್ಟರಿಗೆ ಅನುಮಾನ ಬರಲೇಬೇಕು, ಅದನ್ನು ಸೇರಿಸು.

ಒಂದು ಕೋರಿಕೆ, ನೀನು ಕೇಳದಿದ್ದರೂ. ನನ್ನ ಪಾತ್ರದವಳನ್ನು ದೇವತೆ ಮಾಡ್ಬೇಡ. ನಮ್ಮಲ್ಲೂ ಅವಸರ ಮಾಡುವವರು ಇದ್ದಾರೆ, ತಪ್ಪು ಹೊತ್ತಲ್ಲಿ ತಪ್ಪು ಮಾತು ಆಡುವವರು ಇದ್ದಾರೆ, ನಾನೂ ಆಡಿದ್ದೇನೆ. ಮನೆಯವರು ಅನುಮಾನ ಪಡುದು ಅವರ ಹಕ್ಕು. ಕೊನೆಗೆ ಅವಳು ದಾನಕ್ಕೆ ಒಪ್ಪಲೇಬೇಕು ಅಂತಲೂ ಇಲ್ಲ. ಒಪ್ಪದೆ ಇದ್ದರೂ ನಾನು ಈ ಚಿತ್ರ ನೋಡ್ತೇನೆ.

ಬೆಂಚ್_ಕ್ಲಾಸ್ · ಮಂಗಳವಾರ, ಬೆಳಿಗ್ಗೆ 10:11

ಇದನ್ನೇ ಹೇಳ್ಬೇಕು ಅಂತಿದ್ದೆ. ಕೊನೇಲಿ ಪಿಟೀಲು ಹಾಕಿ "ಅಂಗಾಂಗ ದಾನ ಮಹಾದಾನ" ಅಂತ ಬೋರ್ಡ್ ತೋರಿಸಿದ್ರೆ ನನ್ನ 300 ವಾಪಸ್ ಕೇಳ್ತೀನಿ. (300 ಕೊಡ್ತಾ ಇದೀನಿ ಅಂತ ಅರ್ಥ.)

ಒಂದೇ ಒಂದು ಆಸೆ: ಅಂಗ ಇರೋ ಡಬ್ಬ ಹೋಗೋದು ತೋರಿಸ್ತೀಯಾ? 2014ರಲ್ಲಿ ಬೆಂಗಳೂರಿಂದ ಚೆನ್ನೈಗೆ ಹೃದಯ ಹೋದಾಗ ರಸ್ತೆ ಖಾಲಿ ಮಾಡಿಸಿದ್ರು. 2025ರ ಆಗಸ್ಟ್‌ನಲ್ಲಂತೂ ವೈಟ್‌ಫೀಲ್ಡ್‌ನಿಂದ ರಾಜರಾಜೇಶ್ವರಿ ನಗರಕ್ಕೆ ಲಿವರ್ ಹೋಗಿದ್ದು ನಮ್ಮ ಮೆಟ್ರೋದಲ್ಲಿ. ದಿನಾ ನಾನು ಇಡ್ಲಿ ಡಬ್ಬಿ ಹಿಡ್ಕೊಂಡು ನಿಲ್ಲೋ ಅದೇ ನೇರಳೆ ಮಾರ್ಗ.

ಮೂರನೇ_ಕಿಡ್ನಿ · ಮಂಗಳವಾರ, ಬೆಳಿಗ್ಗೆ 11:30

ಡಬ್ಬ ತೋರಿಸೋದಾದ್ರೆ ಫಳಫಳ ಹೊಳೆಯೋ ಸ್ಟೀಲ್ ಪೆಟ್ಟಿಗೆ, ಹೊಗೆ ಬರೋದು, ಅವೆಲ್ಲ ಬೇಡ. ನನ್ನದು ಬಂದಿದ್ದು ಪಿಕ್‌ನಿಕ್‌ಗೆ ಒಯ್ಯೋ ಥರದ ಪ್ಲಾಸ್ಟಿಕ್ ಐಸ್‌ಬಾಕ್ಸ್‌ನಲ್ಲಂತೆ, ಆಮೇಲೆ ಯಾರೋ ಹೇಳಿದ್ರು.

ನೈಟ್_ಡ್ಯೂಟಿ · ಮಂಗಳವಾರ, ಮಧ್ಯಾಹ್ನ 2:18

ಹೌದು. ಒಳಗೆ ದ್ರಾವಣದ ಚೀಲ, ಅದರ ಮೇಲೆ ಇನ್ನೊಂದು, ಮತ್ತೊಂದು. ಅಂಗಕ್ಕೆ ಐಸ್ ನೇರ ತಾಗಬಾರದು, ತಾಗಿದರೆ ಚಳಿಗೆ ಸುಟ್ಟ ಹಾಗೆ ಆಗ್ತದೆ. ಮೇಲೆ ಟೇಪು, ಟೇಪಿನ ಮೇಲೆ ಮಾರ್ಕರ್‌ನಲ್ಲಿ ಬರೆದದ್ದು.

ಧಾರವಾಡ_ಮಳಿ · ಮಂಗಳವಾರ, ಸಂಜೆ 5:45

ಮೇಸ್ತ್ರಿ ಪಾರ್ಟ್ ನನಗ ಕೊಡು ತಮ್ಮಾ. ಇಪ್ಪತ್ತೆರಡು ವರ್ಷದಿಂದ ಕಳ್ಳ, ಪೊಲೀಸ, ಗೌಡ ಬರೇ ಇದ ಮಾಡೀನಿ. ಬಿಸ್ಕೀಟ ಕೊಡಿಸೋ ವಿಲನ್ ಒಮ್ಮೆನೂ ಸಿಕ್ಕಿಲ್ಲ. ಆದ್ರ ಒಂದ ಮಾತು, ಆ ಹೆಣ್ಣಮಗಳು ರಾಯಚೂರಾಕಿ ಅಂದ್ರ ರಾಯಚೂರ ಮಾತ ಆಡ್ಬೇಕು. ಬೆಂಗಳೂರ ಹುಡುಗಿ ತಂದು "ಐತ್ರಿ, ಬೈತ್ರಿ" ಅನಿಸಿದ್ರ ನಾ ಬರೂದಿಲ್ಲ.

ಜಾಗಾನೂ ಹೇಳ್ತೀನಿ. ಆಸ್ಪತ್ರಿ ಸೆಟ್ ಹಾಕಬ್ಯಾಡ, ದುಡ್ಡು ನುಂಗತದ. ನಮ್ಮ ಹುಬ್ಬಳ್ಳಿ ಕಡೆ ಬಂದ್ ಆಗಿರೋ ಒಂದ ನರ್ಸಿಂಗ್ ಹೋಂ ಐತಿ. ಕಾರಿಡಾರ್, ಬೆಂಚ್, ಹಸರ ಪರದೆ ಎಲ್ಲಾ ಹಂಗ ಅದಾವ. ಮಾಲಕರು ನಮ್ಮ ನಾಟಕ ನೋಡೋ ಮಂದಿ. ಕರೆಂಟ್ ಬಿಲ್ ಕಟ್ಟಿದ್ರ ಸಾಕಂದ್ರು, ಕೇಳೇ ಬರಾಕತ್ತೀನಿ.

ಕತ್ತಲೆ_ಫ್ರೇಮ್ · ಗುರುವಾರ, ರಾತ್ರಿ 11:20

ಲೆಕ್ಕ ಮತ್ತೆ ಹಾಕಿದೆ. ಚೇಸ್ ಹೋಯ್ತು, ಸೆಟ್ ಹೋಯ್ತು, ನಕಲಿ ರಕ್ತಾನೂ ಹೋಯ್ತು. 7.5 ಇದ್ದಿದ್ದು 4.2 ಲಕ್ಷಕ್ಕೆ ಇಳೀತು. ಅದರಲ್ಲಿ 90,000 ಸೌಂಡ್‌ಗೆ ಅಂತ ಮೊದಲೇ ಬೇರೆ, ರೀಲಣ್ಣ, ನಿಮ್ಮ ಬೀರು ನೆನೆಸಿಕೊಂಡು. ನನ್ನ 1.5 ಕಳೆದ್ರೆ ಎತ್ತಬೇಕಾದ್ದು 2.7. ಮೂರು ದಿನದ ಕಾಲ್‌ಶೀಟ್, ರಾತ್ರಿ ಮಾತ್ರ ಶೂಟಿಂಗ್.

ಲೆಕ್ಕಪತ್ರ ಸರ್ ಹೇಳಿದ ಹಾಗೆ ಬೇರೆ ಖಾತೆ ಆಗಿದೆ. ಇದು ಚಂದಾ, ಚೀಟಿ ಅಲ್ಲ. ವಾಪಸ್ ಬರಲ್ಲ, ಲಾಭದ ಪಾಲು ಇಲ್ಲ. ಹೆಸರು ಬರುತ್ತೆ, ಬೇಡ ಅಂದ್ರೆ ಅದೂ ಇಲ್ಲ. ಬಿಲ್ಲುಗಳ ಫೋಟೋ ಪ್ರತಿ ಭಾನುವಾರ ಇಲ್ಲೇ ಹಾಕ್ತೀನಿ. ಆಸ್ಪತ್ರೆ ಬಿಲ್ಲಿನ ತಾಣಕ್ಕೆ ಹಾಕಲ್ಲ. ಇಲ್ಲಿ, ನಮ್ಮ ಕಾಲೇಜು ಗುಂಪಲ್ಲಿ, ಧಾರವಾಡದವರ ನಾಟಕದ ದಿನ ಬಾಗಿಲ ಹತ್ರ ಒಂದು ಡಬ್ಬ. ಅಷ್ಟೇ. ಮೂರನೇ ಕಿಡ್ನಿಯವರೇ, ನಿಮ್ಮ ಪ್ರಶ್ನೆಗೆ ಇದು ಉತ್ತರ ಅಲ್ಲ ಅಂತ ಗೊತ್ತು.

2.7 ಸೇರದಿದ್ರೆ ಬಂದಷ್ಟೂ ವಾಪಸ್ ಕಳಿಸ್ತೀನಿ, ಶೂಟಿಂಗ್ ಶುರು ಮಾಡಲ್ಲ. ಗಡುವು 40 ದಿನ.

ಮೂರನೇ_ಕಿಡ್ನಿ · ಶುಕ್ರವಾರ, ಬೆಳಿಗ್ಗೆ 8:03

ಉತ್ತರ ಅಲ್ಲ, ಹೌದು. 2,000 ಕಳಿಸಿದೀನಿ. ಈಗಷ್ಟೇ ಮಾತ್ರೆ ನುಂಗಿ ಕಳಿಸಿದ್ದು, ಸಮಯ ನೋಡಿ.

ಹೆಸರು ಬೇಡ. ಅಲಾರಂ ಶಬ್ದ ಬೇಕಂದ್ರೆ ಕೊಡ್ತೀನಿ, ಎಲ್ಲಾದ್ರೂ ಬಳಸ್ಕೊಳ್ಳಿ.

ಹಳೇ_ರೀಲು · ಶುಕ್ರವಾರ, ಬೆಳಿಗ್ಗೆ 10:40

500. ದೊಡ್ಡಪ್ಪನ ಮಗನ ಹೆಸರಲ್ಲಿ ಹಾಕು. ಒಂದು ಪಿಚ್ಚರ್‌ನಲ್ಲಾದ್ರೂ ಅವನ ಹೆಸರು ಬರಲಿ.

ನೈಟ್_ಡ್ಯೂಟಿ · ಶನಿವಾರ, ಬೆಳಿಗ್ಗೆ 6:50

ದುಡ್ಡು 1,000 ಹಾಕಿದ್ದೇನೆ. ಎರಡು ದಿನ ರಜೆ ಹಾಕಿ ಹುಬ್ಬಳ್ಳಿಗೆ ಬರ್ತೇನೆ. ಉಸಿರಾಟದ ಪರೀಕ್ಷೆಯ ಸೀನು ನಾನಿಲ್ಲದೆ ತೆಗೀಬೇಡ. ಟಾರ್ಚ್ ಹಿಡಿಯುವ ಕೈ, ಕೊಳವೆ ಬಿಡಿಸುವ ಕೈ ಯಾರದ್ದು, ಯಾರು ಗಡಿಯಾರ ನೋಡ್ತಾರೆ, ಎಲ್ಲ ನಿಂತು ಹೇಳಿಕೊಡ್ತೇನೆ. ಕಂಬಳಿ ಬೂದು ಬಣ್ಣದ್ದು ಇರಲಿ.

ಕತ್ತಲೆ_ಫ್ರೇಮ್ · ಶನಿವಾರ, ಬೆಳಿಗ್ಗೆ 9:15

ಬನ್ನಿ ಸಿಸ್ಟರ್, ಬಸ್ ಚಾರ್ಜು ಬಜೆಟ್‌ಗೆ ಸೇರಿಸ್ತೀನಿ. ಇವತ್ತಿಗೆ 61,300 ಆಗಿದೆ.

ಸದ್ಯಕ್ಕೆ ಬೇಕಾಗಿರೋದು: ಹಳೇ ಮಾದರಿ ಕಬ್ಬಿಣದ ಮಂಚ, ಡ್ರಿಪ್ ಸ್ಟ್ಯಾಂಡ್ ಎರಡು. ಬಾಡಿಗೆಗೆ ಕೇಳಿದ್ರೆ ದಿನಕ್ಕೆ ಸಿಕ್ಕಾಪಟ್ಟೆ ಹೇಳ್ತಿದಾರೆ. ಯಾರ ಹತ್ರಾನಾದ್ರೂ ಇದ್ಯಾ?

ಧಾರವಾಡ_ಮಳಿ · ಶನಿವಾರ, ಬೆಳಿಗ್ಗೆ 9:32

ಆ ನರ್ಸಿಂಗ್ ಹೋಮಿನ ಹಿಂದಿನ ಖೋಲ್ಯಾಗ ಎರಡೂ ಅದಾವ. ಸ್ಟ್ಯಾಂಡಿಂದು ಒಂದರ ಗಾಲಿ ಮುರದೈತಿ, ನಡೀತೈತೇನು?

ನೈಟ್_ಡ್ಯೂಟಿ · ಶನಿವಾರ, ಬೆಳಿಗ್ಗೆ 9:36

ಮುರಿದದ್ದನ್ನೇ ತನ್ನಿ ಮಾರಾಯ್ರೆ. ನಮ್ಮ ವಾರ್ಡಿನಲ್ಲಿಯೂ ಹಾಗೇ ಉಂಟು.